ಶನಿಯಾರನ ಬಲಗಾಲು

ಮಡಿಲು ಎಂಬ ದಂಡೆಗೆ ಬರುವ ಪ್ರವಾಸಿಗರು ಮೊದಲು ಕೇಳುವುದು ಮರಳಿಗೆ ಯಾಕೆ ಇಳಿಯಬಾರದು ಎಂದು. ಆಮೆ ಮೊಟ್ಟೆ ಇಟ್ಟಿದೆ ಎನ್ನುತ್ತೇನೆ. ಅರಣ್ಯ ಇಲಾಖೆಯವರು ಹಾಗೆ ಹೇಳು ಎಂದಿದ್ದಾರೆ, ಗೇಟಿನ ಫಲಕದಲ್ಲೂ ಹಾಗೆಯೇ ಬರೆಸಿದ್ದಾರೆ. ವರ್ಷದಲ್ಲಿ ಎರಡು ತಿಂಗಳು ಅದು ನಿಜವೂ ಹೌದು. ಉಳಿದ ಹತ್ತು ತಿಂಗಳು ಅದೇ ಮಾತು ಹೇಳುವಾಗ ನನ್ನ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತದೆ. ಸಂಜೆ ಶಾಲೆಯಲ್ಲಿ ಹತ್ತನೆಯ ಇಯತ್ತೆವರೆಗೆ ಓದಿದವಳು ನಾನು. ಅಲ್ಲಿನ ಮೇಷ್ಟ್ರು, ಕಂಡದ್ದನ್ನು ಬರೆ, ಅಂದುಕೊಂಡದ್ದನ್ನು ಬರೆಯಬೇಡ ಎಂದು ತಿದ್ದಿ ತಿದ್ದಿ ಕಲಿಸಿದ್ದರು. ಆ ಮಾತನ್ನು ನಾನು ಪೂರ್ತಿ ಪಾಲಿಸಲಿಲ್ಲ.

ಎರಡು ಗುಡ್ಡಗಳು ಮೊಣಕೈ ಮಡಚಿದ ಹಾಗೆ ಸಮುದ್ರವನ್ನು ಒಳಗೆ ಎಳೆದುಕೊಂಡಿರುವ ಸಣ್ಣ ದಂಡೆ ಅದು. ಗೇಟಿನಿಂದ ಗೇರು ಮರಗಳ ನಡುವೆ ನೂರಾ ಹನ್ನೆರಡು ಮೆಟ್ಟಿಲು ಇಳಿದರೆ ಕೇದಗೆಯ ಪೊದೆ, ಅದನ್ನು ದಾಟಿದರೆ ಹಲಗೆ ದಾರಿ. ನೀರು ಅಲ್ಲಿ ಹಸಿರು ಗಾಜಿನಂತೆ ಕಾಣುತ್ತದೆ. ದೂರದಿಂದ ಬಂದವರು ಫೋಟೋ ತೆಗೆಸಿಕೊಳ್ಳುತ್ತಾರೆ, ಇಂಥ ಜಾಗ ಬೇರೆಲ್ಲೂ ನೋಡಿಲ್ಲ ಎನ್ನುತ್ತಾರೆ. ಹಲಗೆಯ ಎರಡೂ ಕಡೆ ಮರಳಿನಲ್ಲಿ ಊರಿನವರ ಬಲಗಾಲುಗಳಿವೆ. ಗಂಡಸರು ಮೊದಲ ಸಲ ದೂರದ ಬೋಟು ಹತ್ತುವ ಹಿಂದಿನ ದಿನ, ಹೆಂಗಸರು ಮದುವೆಯಾದ ವಾರ, ಮನೆಯವರೊಂದಿಗೆ ಬಂದು ಹಲಗೆಯ ಮೇಲೆ ಎಡಗಾಲು ಊರಿ, ತಮ್ಮ ಮನೆಯ ಸಾಲಿನಲ್ಲಿ ಬಲಗಾಲು ಇಟ್ಟು ತೆಗೆಯುತ್ತಾರೆ. ಪ್ರತಿ ಸಾಲಿನ ತುದಿಗೆ ಒಂದು ಕೆಂಪು ಕಲ್ಲು, ಅದರ ಮೇಲೆ ಮನೆಯ ಹೆಸರು. ಭರತದ ನೀರು ದಿನಕ್ಕೆ ಎರಡು ಸಲ ಎಲ್ಲ ಹೆಜ್ಜೆಗಳ ಮೇಲೂ ಹರಿದು ಹೋಗುತ್ತದೆ. ಬದುಕಿರುವವರದ್ದು ಹಾಗೇ ಇರುತ್ತದೆ. ತೀರಿಕೊಂಡವರದ್ದನ್ನು ಮುಂದಿನ ಭರತ ಒಯ್ಯುತ್ತದೆ.

ನನ್ನ ಕೆಲಸ ಬೆಳಗಿನ ಇಳಿತದಲ್ಲಿ ಹಲಗೆಯ ಮೇಲೆ ಒಂದು ಸುತ್ತು ಬರುವುದು. ಎಲ್ಲವೂ ಇದ್ದರೆ ಪುಸ್ತಕದಲ್ಲಿ 'ಸರಿ' ಎಂದು ಬರೆದು ಪ್ರವಾಸಿಗರಿಗೆ ಗೇಟು ತೆರೆಯುತ್ತೇನೆ. ಒಂದು ಜಾಗ ನುಣ್ಣಗಾಗಿದ್ದರೆ ಚಪ್ಪಲಿಯನ್ನು ಗೇಟಿನ ಬಳಿ ಬಿಟ್ಟು ಬರಿಗಾಲಲ್ಲಿ ಕೇರಿಗೆ ನಡೆಯುತ್ತೇನೆ. ಬಾಯಿ ತೆರೆಯಬೇಕಾಗಿಲ್ಲ. ನಾನು ಯಾರ ಬಾಗಿಲಲ್ಲಿ ನಿಲ್ಲುತ್ತೇನೋ ಅವರು ನನ್ನ ಪಾದ ನೋಡಿ ಒಳಗೆ ಕೂಗುತ್ತಾರೆ. ಚಪ್ಪಲಿ ಹಾಕಿಕೊಂಡು ಉಪ್ಪು ತರಲು ಹೋದರೂ ಹೆಂಗಸರು ಮೊದಲು ನನ್ನ ಕಾಲು ನೋಡಿ ಆಮೇಲೆ ಮುಖ ನೋಡುತ್ತಾರೆ. ಹದಿನಾಲ್ಕು ವರ್ಷದಲ್ಲಿ ಅದು ಅಭ್ಯಾಸವಾಗಬೇಕಿತ್ತು. ನನಗಾಗಲಿಲ್ಲ.

ಈ ಕೆಲಸಕ್ಕೆ ನನ್ನನ್ನು ತೆಗೆದುಕೊಂಡದ್ದು ನನ್ನ ಹೆಜ್ಜೆ ಅಲ್ಲಿ ಇಲ್ಲವೆಂದೇ. ಕಾಯುವವರ ಕಾಲು ಮಡಿಲಿನಲ್ಲಿ ಇರಬಾರದು ಎಂಬುದು ಹಳೆಯ ಕಟ್ಟು. ಸ್ವಂತದ್ದು ಇದ್ದರೆ ಅದನ್ನೇ ನೋಡುತ್ತ ನಿಲ್ಲುತ್ತಾರೆ, ಬೇರೆಯವರದ್ದು ತಪ್ಪಿ ಹೋಗುತ್ತದೆ. ನಾನು ಅಮ್ಮನ ಜೊತೆ ಎಲ್ಲಿಂದಲೋ ಬಂದು ಬೋಟುಗಳು ಬಂದು ನಿಲ್ಲುವ ಧಕ್ಕೆಯ ಸಿಗಡಿ ಶೆಡ್ಡಿನಲ್ಲಿ ಬೆಳೆದವಳು. ಬೋಟು ಹತ್ತಲಿಲ್ಲ, ಮದುವೆಯೂ ಆಗಲಿಲ್ಲ. ನನ್ನ ಕಾಲು ನೋಡಿಯೇ ಗಂಡುಗಳು ಓಡಿಹೋದವು ಎಂದು ಶೆಡ್ಡಿನವರು ನಗುತ್ತಿದ್ದರು. ಅಂಗಡಿಯಲ್ಲಿ ಹೆಂಗಸರ ಚಪ್ಪಲಿ ನನಗೆ ಆಗುವುದಿಲ್ಲ, ಗಂಡಸರ ಕಪಾಟಿನಿಂದ ಒಂಬತ್ತನೆಯ ನಂಬರು ತೆಗೆದುಕೊಡುತ್ತಾರೆ.

ಹಲಗೆ ಹಾಕುವ ಮೊದಲು ಪ್ರವಾಸಿಗರ ಒಂದು ಪುಟ್ಟ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಮರಳಿನಲ್ಲಿ ಮೂರು ಹೆಜ್ಜೆ ಓಡಿ ಬಿದ್ದಿದ್ದಳು. ಯಾವ ಊರಿನವಳೋ, ಹೆಸರೇನೋ ಯಾರಿಗೂ ಗೊತ್ತಿಲ್ಲ. ಆ ಮೂರು ಪುಟಾಣಿ ಪಾದಗಳೂ ಅವಳು ಕುಕ್ಕರಿಸಿ ಬಿದ್ದ ಗುಂಡಿಯೂ ಇವತ್ತಿಗೂ ಇವೆ. ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ, ಆದರೂ ದಿನಾ ನೋಡುತ್ತೇನೆ. ಈಗ ಅವಳಿಗೆ ಇಪ್ಪತ್ತರ ಮೇಲಾಗಿರಬೇಕು.

ಮಾಸ್ತಮ್ಮ ಬರುವುದು ಸೋಮವಾರ. ಅವಳ ಒಬ್ಬನೇ ಮಗ ಶನಿಯಾರ, ಮದುವೆಯಾದ ಎರಡನೆಯ ವರ್ಷ ದೂರದ ಬೋಟಿಗೆ ಹೋದವನು, ಯಾವುದೋ ಬಂದರಿನಲ್ಲಿ ಇಳಿದು ಅಲ್ಲೇ ಕೆಲಸ ಹಿಡಿದನೆಂದು ಸುದ್ದಿ. ಆಮೇಲೆ ಪತ್ರವೂ ಇಲ್ಲ, ಫೋನೂ ಇಲ್ಲ. ಆದರೆ ಅವನ ಹೆಜ್ಜೆ ಇತ್ತು. ಹಲಗೆಗೆ ತಾಗಿದಂತೆ, ಅಗಲವಾದ ದೊಡ್ಡ ಪಾದ. ಅದರ ಒಂದು ಪಕ್ಕದಲ್ಲಿ ಅವನ ಹೆಂಡತಿ ಯಮುನೆಯದು, ಇನ್ನೊಂದು ಪಕ್ಕದಲ್ಲಿ ಮಾಸ್ತಮ್ಮನದು. ಮಾಸ್ತಮ್ಮ ಮೆಟ್ಟಿಲು ಇಳಿಯುವಾಗ ಸೊಂಟಕ್ಕೆ ಕಟ್ಟಿದ ಎಲೆಯಡಿಕೆಯ ತಗಡಿನ ಡಬ್ಬಿ ಟಣಟಣ ಅನ್ನುತ್ತಿತ್ತು. ಕೊನೆಯ ಹಲಗೆಯಲ್ಲಿ ಕೂತು, ಎಲೆ ಹಾಕಿಕೊಂಡು, ಮಗನ ಪಾದಕ್ಕೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಯಾರ ಬಲೆ ಹರಿಯಿತು, ಯಾರ ಮನೆಯ ಸೊಸೆ ಜಗಳವಾಡಿದಳು. ನಾನು ಹತ್ತಿರ ಹೋದರೆ ನನ್ನ ಕಾಲು ನೋಡಿ ನಗುತ್ತಿದ್ದಳು.

"ನಿಂದೂ ನನ್ನ ಮಗಂದೂ ಒಂದೇ ಅಚ್ಚು ಮಾರಾಯ್ತಿ. ದೇವರಿಗೆ ಬೇರೆ ಅಚ್ಚು ಸಿಗ್ಲಿಲ್ಲ ಕಾಣ್ತದೆ."

ಈ ಮಾತು ಕೇರಿಯಲ್ಲೆಲ್ಲ ಹರಡಿತ್ತು. ಧಕ್ಕೆಗೆ ಹೋದರೆ ಗಂಡಸರು ಕೂಡ, ಶನಿಯಾರ ಬಂದ ನೋಡಿ ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನನ್ನು ಊರಿನ ಒಬ್ಬರ ಜೊತೆ ಸೇರಿಸಿ ಹೇಳುತ್ತಿದ್ದ ಮಾತು ಅದೊಂದೇ ಆಗಿತ್ತು.

ಎರಡು ವರ್ಷದ ಹಿಂದೆ, ಮಳೆ ಶುರುವಾಗುವ ಮುಂಚೆ, ಒಂದು ಶುಕ್ರವಾರ ಗಿರಿಯಮ್ಮ ಎಂಬವಳ ಮನೆಗೆ ನಾನು ಬರಿಗಾಲಲ್ಲಿ ಹೋದೆ. ಅವಳ ಮಗನ ಜಾಗ ನುಣ್ಣಗಾಗಿತ್ತು. ಅವಳು ಅಳಲಿಲ್ಲ. ನನಗೆ ಕುಡಿಯಲು ನೀರು ಕೊಟ್ಟು, ನೀನು ಬಂದದ್ದು ಒಳ್ಳೇದಾಯ್ತು ಎಂದಳು. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಅವಳ ಹೆಜ್ಜೆಯೂ ಇರಲಿಲ್ಲ. ಆ ಮನೆಗೆ ಮೂರು ದಿನದಲ್ಲಿ ಎರಡನೆಯ ಸಲ ಬರಿಗಾಲಲ್ಲಿ ಹೋದಾಗ ಬಾಗಿಲಲ್ಲಿ ನನ್ನ ಕಾಲು ನೋಡುವವರೇ ಇರಲಿಲ್ಲ. ನಾನು ಹೇಳುವ ರೀತಿಯಲ್ಲಿ ಏನೋ ತಪ್ಪಿತ್ತೇ, ಸ್ವಲ್ಪ ಹೊತ್ತು ಕೂತು ಬರಬೇಕಿತ್ತೇ ಎಂದು ಆ ದಿನವಿಡೀ ಯೋಚಿಸಿದೆ. ಸಂಜೆ ಗೇಟಿನ ಬೀಗವನ್ನು ನಾಲ್ಕು ಸಲ ಎಳೆದು ನೋಡಿದೆ.

ಮಾರನೆಯ ದಿನ ಸೋಮವಾರ. ಬೆಳಗಿನ ಸುತ್ತಿನಲ್ಲಿ ಶನಿಯಾರನ ಜಾಗ ನುಣ್ಣಗಿತ್ತು.

ಯಮುನೆಯದು ಇತ್ತು, ಮಾಸ್ತಮ್ಮನದು ಇತ್ತು. ನಡುವೆ ಅಂಗೈಯಲ್ಲಿ ಸವರಿದ ಹಾಗೆ ಮರಳು. ನಾನು ಅಲ್ಲೇ ನಿಂತೆ. ಚಪ್ಪಲಿ ಬಿಡಬೇಕು, ಹೋಗಬೇಕು ಎಂದು ಗೊತ್ತಿತ್ತು. ಆಗ ಮೇಲೆ ಮೆಟ್ಟಿಲಲ್ಲಿ ತಗಡಿನ ಡಬ್ಬಿಯ ಸದ್ದು ಕೇಳಿತು. ಮಳೆ ಬರುವ ಮುಂಚೆ ಹೋಗಿ ಬರೋಣವೆಂದು ಮಾಸ್ತಮ್ಮ ಬೇಗ ಹೊರಟಿದ್ದಳು. ನೂರಾ ಹನ್ನೆರಡು ಮೆಟ್ಟಿಲು ಅವಳಿಗೆ ಕಾಲು ಗಂಟೆ. ಕೇದಗೆಯ ಹತ್ತಿರ ಅವಳು ಕೆಮ್ಮಿದ್ದು ಕೇಳಿಸಿದಾಗ ನಾನು ಎಡಗಾಲನ್ನು ಹಲಗೆಯ ಮೇಲೆ ಊರಿ, ಬಲಗಾಲಿನ ಚಪ್ಪಲಿ ಕಳಚಿ, ಆ ನುಣ್ಣನೆಯ ಜಾಗದಲ್ಲಿ ಪಾದ ಒತ್ತಿ ತೆಗೆದೆ.

ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ಗಿರಿಯಮ್ಮನ ಹಾಗೆ ಆಗದಿರಲಿ, ನಾಳೆ ಸರಿಯಾಗಿ ಕೂತು ಹೇಳೋಣ ಎಂದು. ನನ್ನ ಕಾಲು ಊರಿನವರದ್ದಲ್ಲವಲ್ಲ, ಭರತ ಬಂದರೆ ಅಳಿಸಿ ಹೋಗಬಹುದು ಎಂದೂ ಅಂದುಕೊಂಡೆ. ಹಾಗೆ ನಂಬಿದ್ದೆ ಎಂದು ಹೇಳಿದರೆ ಸುಳ್ಳಾದೀತು. ಆ ಪರ ಊರಿನ ಹುಡುಗಿಯ ಮೂರು ಹೆಜ್ಜೆಗಳನ್ನು ದಿನಾ ನೋಡುತ್ತಿದ್ದವಳು ನಾನೇ. ಮರುದಿನ ಬಂದು ನೋಡಿದರೆ ನನ್ನ ಪಾದ ಇಟ್ಟ ಹಾಗೇ ಇತ್ತು. ಪುಸ್ತಕದಲ್ಲಿ 'ಸರಿ' ಎಂದು ಬರೆದೆ. ಅಕ್ಷರ ಕೆಟ್ಟಿತು, ಮೇಲೆ ಇನ್ನೊಂದು ಸಲ ತಿದ್ದಿ ಬರೆದೆ.

ಮಾಸ್ತಮ್ಮ ಆ ಸೋಮವಾರ ಬಹಳ ಹೊತ್ತು ಬಗ್ಗಿ ನೋಡಿದ್ದಳು. ಒಮ್ಮೆ ಇಟ್ಟ ಹೆಜ್ಜೆ ಬದಲಾಗುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಆದರೂ ಹೆತ್ತವರು ಬಂದು, ಇವತ್ತು ಯಾಕೋ ಬಾಡಿದ ಹಾಗಿದೆ, ಇವತ್ತು ಚೆನ್ನಾಗಿದೆ ಎಂದು ಹೇಳುತ್ತಲೇ ಇರುತ್ತಾರೆ. ಮಾಸ್ತಮ್ಮ, ಹುಡುಗ ಸ್ವಲ್ಪ ಇಳಿದಿದ್ದಾನೆ, ಭಾರ ಸಾಲದು ಎಂದಳು. ಆಮೇಲೆ ಹಿಮ್ಮಡಿಯ ಕಡೆ ಬೆರಳು ತೋರಿಸಿದಳು. ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ಓರೆಯಾದ ಸೀಳಿದೆ, ಚಿಕ್ಕಂದಿನಲ್ಲಿ ಶೆಡ್ಡಿನ ಹಿಂದೆ ಒಡೆದ ಬಾಟಲಿ ತುಳಿದು ಆದದ್ದು. ಅದು ಮರಳಿನಲ್ಲಿ ಸಣ್ಣ ಏರಾಗಿ ಮೂಡಿತ್ತು.

"ಹಿಮ್ಮಡಿ ಒಡೆದು ಹೋಗಿದೆ ನೋಡು ಇವಂದು. ಉಪ್ಪುನೀರಲ್ಲಿ ಬರಿಗಾಲಲ್ಲಿ ದುಡಿಸ್ತಿದ್ದಾರೆ ಅವನ್ನ."

ಮುಂದಿನ ಸೋಮವಾರದಿಂದ ಅವಳು ಡಬ್ಬಿಯ ಜೊತೆಗೆ ಒಂದು ಸಣ್ಣ ಸೀಸೆಯಲ್ಲಿ ತೆಂಗಿನೆಣ್ಣೆ ತರತೊಡಗಿದಳು. ಹಲಗೆಯ ಮೇಲೆ ಮಂಡಿಯೂರಿ, ಆ ಹಿಮ್ಮಡಿಯ ಜಾಗಕ್ಕೆ ಎರಡು ಹನಿ ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತಿದ್ದಳು. ಮಗು ಇದ್ದಾಗ ಕಾಲು ಮುಟ್ಟಿದರೆ ನಗುತ್ತಿದ್ದ ಎಂದು ಹೇಳುತ್ತಿದ್ದಳು. ನಾನು ಪೊರಕೆ ಹಿಡಿದು ಹಲಗೆಯ ಇನ್ನೊಂದು ತುದಿಯಲ್ಲಿ ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಹೆಚ್ಚುಕಡಿಮೆ ಎರಡು ವರ್ಷ ಹೀಗೇ ನಡೆಯಿತು. ಪ್ರತಿ ಸೋಮವಾರ ಬೆಳಿಗ್ಗೆ, ಇವತ್ತು ಹೇಳಿಬಿಡೋಣ ಎಂದು ಚಪ್ಪಲಿ ಕಳಚುತ್ತಿದ್ದೆ, ಡಬ್ಬಿಯ ಸದ್ದು ಕೇಳಿದ ಕೂಡಲೇ ಮತ್ತೆ ಹಾಕಿಕೊಳ್ಳುತ್ತಿದ್ದೆ. ಒಬ್ಬ ಮುದುಕಿಗೆ ಸಮಾಧಾನ ಸಿಕ್ಕಿದರೆ ಯಾರಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಯಮುನೆಯ ನೆನಪು ನನಗೆ ಆಗಲೇ ಇಲ್ಲ. ಅವಳು ಮಡಿಲಿಗೆ ಬರುತ್ತಿರಲಿಲ್ಲ. ಕಣ್ಣಿಗೆ ಬೀಳದವರನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅವಳು ಬಂದದ್ದು ಹೋದ ಮಾಘದಲ್ಲಿ, ಒಂದು ಗುರುವಾರ. ಧಕ್ಕೆಯಲ್ಲಿ ಮೀನು ಆರಿಸುವ ಕೆಲಸದಿಂದ ನೇರ ಬಂದಿದ್ದಳು, ಸೆರಗಿನಲ್ಲಿ ಮೀನಿನ ಹುರುಪೆ ಅಂಟಿಕೊಂಡಿತ್ತು. ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಹೆಂಗಸು, ಮುಖ ಬತ್ತಿತ್ತು. ಹಲಗೆಯ ತುದಿಗೆ ಬಂದು ಗಂಡನ ಹೆಜ್ಜೆಯನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು.

"ಅಕ್ಕಾ, ಇದು ಯಾವಾಗ ಹೋಗ್ತದೆ?"

ನಾನು ಪೊರಕೆಯನ್ನು ಬದಿಗಿಟ್ಟೆ. ಅವಳೇ ಮುಂದುವರಿಸಿದಳು.

"ನಾನು ಕೆಟ್ಟವಳು ಅಂತ ಕಾಣ್ತದಾ ನಿಮ್ಗೆ? ಗಂಡ ಸಾಯ್ಲಿ ಅಂತ ಬೇಡ್ಲಿಕ್ಕೆ ಬಂದವಳು ನಾನು."

ಆಮೇಲೆ ಕೂತು ಎಲ್ಲ ಹೇಳಿದಳು. ಐಸ್ ಪ್ಲಾಂಟಿನ ವಾಮನ ಒಳ್ಳೆಯವನು, ಹೆಂಡತಿ ತೀರಿಕೊಂಡವನು. ಒಂದು ವರ್ಷದಿಂದ ಮಾತು ಬೆಳೆದು ಇಲ್ಲಿಗೆ ಬಂದಿದೆ. ಈಗ ಅವಳಿಗೆ ಮೂರು ತಿಂಗಳು. ಹೆಜ್ಜೆ ಇರುವ ತನಕ ಅವಳು ಶನಿಯಾರನ ಹೆಂಡತಿ, ಅದು ಕೇರಿಯ ಕಟ್ಟು. ವಿಷಯ ಅತ್ತೆಗೆ ಗೊತ್ತಾಗಿದೆ. ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ, ಕೇರಿಯ ಹಿರಿಯ, ನ್ಯಾಯ ಹೇಳುವ ಬುಧವಂತ ದುರ್ಗಪ್ಪನ ಬಳಿ ಹೋಗಿ ನ್ಯಾಯ ಕೇಳಿದ್ದಾಳೆ. ಭಾನುವಾರ ಕೇರಿ ಸೇರುತ್ತದೆ. ಜೀವಂತ ಗಂಡನಿರುವಾಗ ಬಸಿರಾದವಳನ್ನು ಹೊರಗೆ ಹಾಕುತ್ತಾರೆ, ಅವಳನ್ನು ಇಟ್ಟುಕೊಂಡವನಿಗೆ ಕೇರಿಯಲ್ಲಿ ಬೆಂಕಿ ನೀರು ಇಲ್ಲ. ವಾಮನನ ವಯಸ್ಸಾದ ತಂದೆ ಹಾಸಿಗೆ ಹಿಡಿದಿದ್ದಾನೆ, ವಾಮನ ಊರು ಬಿಡಲಾರ. ಹೆಜ್ಜೆ ಹೋದರೆ ನಾಳೆಯೇ ತಾಳಿ ಕಟ್ಟುತ್ತೇನೆ ಎಂದು ಅವನು ಅಳುತ್ತಾನೆ.

"ಅವ ಎಲ್ಲಾದ್ರೂ ಸುಖವಾಗಿ ಇರ್ಲಿ ಅಂತಲೇ ಇಷ್ಟು ವರ್ಷ ಇದ್ದೆ ಅಕ್ಕಾ. ಈಗ ಇದು ಹೋಗ್ಲಿ ಅಂತ ಬೇಡ್ತಾ ಇದ್ದೇನೆ. ನನ್ನ ಬಾಯಿಗೆ ಹುಳ ಬೀಳ್ತದೆ."

ನನ್ನ ಪಾದ ಅವಳ ಎದುರಿಗೇ ಮರಳಿನಲ್ಲಿತ್ತು. ಅವಳು ಬೇಡುತ್ತಿದ್ದದ್ದು ನನ್ನ ಸಾವನ್ನು, ಅದು ಅವಳಿಗೆ ಗೊತ್ತಿರಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನೀರು ಕುಡಿ ಎಂದು ಬಾಟಲಿ ಕೊಟ್ಟೆ.

ಆ ಮೂರು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಬುಧವಂತನಿಗೆ ಕೊಡಲು ಚೀಟಿ ಬರೆದೆ. ಮೊದಲು, ತಪ್ಪಾಗಿದೆ ಎಂದು ಬರೆದೆ, ಯಾರಿಂದ ಎಂದು ಬರೆಯಲಿಲ್ಲ. ಹರಿದು ಹಾಕಿದೆ. ಎರಡನೆಯದರಲ್ಲಿ ಕಾರಣಗಳೇ ಒಂದು ಪುಟ ತುಂಬಿದವು, ನಡೆದದ್ದು ಎರಡು ಸಾಲು. ಅದನ್ನೂ ಹರಿದೆ. ಕೆಲಸ ಹೋಗುತ್ತದೆ, ಮಾಸ್ತಮ್ಮ ಗಿರಿಯಮ್ಮನ ದಾರಿ ಹಿಡಿಯುತ್ತಾಳೆ, ಹದಿನಾಲ್ಕು ವರ್ಷ ನಾನು ಬರೆದ 'ಸರಿ'ಗಳನ್ನೆಲ್ಲ ಊರು ಅನುಮಾನಿಸುತ್ತದೆ. ಎಲ್ಲ ಯೋಚನೆಯೂ ಸುತ್ತಿ ಸುತ್ತಿ ನನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಯಮುನೆ ಕುಡಿದು ಇಟ್ಟ ಬಾಟಲಿ ಗೇಟಿನ ಕೋಣೆಯ ಕಿಟಕಿಯಲ್ಲಿ ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಸುತ್ತು ಮುಗಿಸಿ ಬಂದು, ಅದನ್ನು ನೋಡಿ, ಚಪ್ಪಲಿ ಬಿಟ್ಟೆ.

ಕೇರಿಯ ದಾರಿಯಲ್ಲಿ ನಾನು ಬರಿಗಾಲಲ್ಲಿ ಬರುವುದನ್ನು ಮೊದಲು ನೋಡಿದ್ದು ಬಲೆ ಹೆಣೆಯುತ್ತಿದ್ದವರು. ಮಾತು ನಿಂತಿತು. ಒಂದೊಂದೇ ಮನೆ ದಾಟಿದ ಹಾಗೆ ಆ ಮನೆಯ ಹೆಂಗಸರು ಉಸಿರು ಬಿಟ್ಟು ನನ್ನ ಹಿಂದೆ ಬಂದರು. ದುರ್ಗಪ್ಪನ ಅಂಗಳದಲ್ಲಿ ಚಾಪೆ ಹಾಸಿ ಗಂಡಸರು ಆಗಲೇ ಕೂತಿದ್ದರು, ಅವರೂ ಎದ್ದರು. ನಾನು ಮಾಸ್ತಮ್ಮನ ಬಾಗಿಲಿಗೆ ಹೋಗಿ ನಿಂತೆ. ಅವಳು ಕೇರಿ ಸೇರುವಲ್ಲಿಗೆ ಹೊರಡಲು ಒಗೆದ ಸೀರೆ ಉಟ್ಟು ತಲೆ ಬಾಚುತ್ತಿದ್ದಳು. ನನ್ನ ಪಾದ ನೋಡಿದಳು. ಬಾಚಣಿಗೆ ಕೂದಲಲ್ಲೇ ಉಳಿಯಿತು.

"ಯಾವಾಗ?" ಎಂದಳು.

"ಎರಡು ವರ್ಷ ಆಯ್ತು, ಮಾಸ್ತಮ್ಮಾ."

ಅವಳಿಗೆ ಅರ್ಥವಾಗಲಿಲ್ಲ. ಮೊನ್ನೆ ಸೋಮವಾರ ನೋಡಿ ಬಂದಿದ್ದೇನೆ, ಎಣ್ಣೆ ಹಾಕಿ ಬಂದಿದ್ದೇನೆ ಎಂದಳು. ಅದು ನನ್ನ ಕಾಲು ಎಂದೆ. ಎರಡು ವರ್ಷದ ಹಿಂದಿನ ಸೋಮವಾರ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಈ ಸಲ ಕಾರಣ ಹೇಳಲಿಲ್ಲ. ಬಾಗಿಲ ಹಿಂದೆ ಯಮುನೆ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಗಂಟು ಇತ್ತು.

ಮಾಸ್ತಮ್ಮ ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳಿಸುವ ಹಾಗೆ, ಈ ಹುಡುಗಿಯನ್ನು ಉಳಿಸಲು ನೀನು ನನ್ನ ಮಗನನ್ನು ಕೊಲ್ಲುತ್ತಿದ್ದೀಯ ಎಂದಳು. ಬಂದವರಲ್ಲಿ ಹಲವರು ತಲೆಯಾಡಿಸಿದರು. ಇವಳದ್ದೂ ಅವನದ್ದೂ ಒಂದೇ ಅಚ್ಚು ಎಂದು ಕೇರಿಯಲ್ಲಿ ಯಾರಿಗೆ ಗೊತ್ತಿಲ್ಲ, ಪಾದ ಇಟ್ಟು ತೋರಿಸಿದರೆ ಕೂಡಿಯೇ ಕೂಡುತ್ತದೆ, ಅದು ಯಾವ ಸಾಕ್ಷಿ ಎಂದು ಒಬ್ಬ ಕೇಳಿದ. ದುರ್ಗಪ್ಪ ವಯಸ್ಸಾದವನು, ಅವಸರದವನಲ್ಲ. ಹೆತ್ತವಳೇ ನೋಡಿ ಹೇಳಲಿ, ಅವಳು ಹೇಳಿದ್ದೇ ಆಯಿತು ಎಂದ. ಇಳಿತ ಮುಗಿಯುವ ಮುಂಚೆ ಹೋಗಬೇಕು ಎಂದು ನಾನೇ ನೆನಪಿಸಿದೆ. ಕೆಲಸದ ಅಭ್ಯಾಸ.

ಅಷ್ಟು ಜನ ಒಟ್ಟಿಗೆ ಆ ಮೆಟ್ಟಿಲು ಇಳಿದದ್ದನ್ನು ನಾನು ನೋಡಿರಲಿಲ್ಲ. ಪ್ರವಾಸಿಗರ ಒಂದು ಜೋಡಿ ಗೇಟಿನಲ್ಲಿ ಕಾಯುತ್ತಿತ್ತು. ಏನು ಹಬ್ಬವಾ ಎಂದು ಕೇಳಿದರು. ಇವತ್ತು ಪ್ರವೇಶವಿಲ್ಲ ಎಂದೆ.

ಹಲಗೆಯ ಮೇಲೆ ಎಡಗಾಲು ಊರಿ ಬಲಗಾಲನ್ನು ಆ ಹೆಜ್ಜೆಯೊಳಗೆ ಇಟ್ಟೆ. ಐದು ಬೆರಳೂ ತಮ್ಮ ತಮ್ಮ ಗುಂಡಿಯಲ್ಲಿ ಕೂತವು. ಅದರಿಂದ ಏನೂ ಸಾಬೀತಾಗಿರಲಿಲ್ಲ. ಮಾಸ್ತಮ್ಮ ಮಂಡಿಯೂರಿದಳು. ನನ್ನ ಕಣಕಾಲು ಹಿಡಿದು ಪಾದವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಬೀಳದ ಹಾಗೆ ಹಿಂದಿನಿಂದ ಯಾರೋ ಹಿಡಿದರು. ಆಮೇಲೆ ತಿರುಗಿ ನೋಡಿದಾಗ ಅದು ಯಮುನೆ ಎಂದು ಗೊತ್ತಾಯಿತು. ಮುದುಕಿ ನನ್ನ ಪಾದಕ್ಕೆ ಹತ್ತಿದ್ದ ಮರಳನ್ನು ಸೆರಗಿನಿಂದ ಒರೆಸಿದಳು. ಹೆಬ್ಬೆರಳಿನಿಂದ ಅಂಗಾಲನ್ನು ಸವರುತ್ತ ಹಿಮ್ಮಡಿಗೆ ಬಂದಳು. ಆ ಸೀಳಿನ ಮೇಲೆ ಬೆರಳು ನಿಂತಿತು. ಓರೆಯಾಗಿ, ಎಡದಿಂದ ಬಲಕ್ಕೆ. ಇನ್ನೊಂದು ಕೈಯನ್ನು ಕೆಳಗೆ ಚಾಚಿ, ಮರಳಿನ ಹಿಮ್ಮಡಿಯಲ್ಲಿ ತಾನು ಎರಡು ವರ್ಷ ಎಣ್ಣೆ ಹಚ್ಚಿದ ಏರನ್ನು ಮುಟ್ಟಿದಳು. ಹಾಗೇ ಎರಡನ್ನೂ ಹಿಡಿದುಕೊಂಡು ಕೂತಳು. ನೀರು ಏರತೊಡಗಿತ್ತು, ಮೊದಲ ತೆಳ್ಳನೆಯ ಅಲೆ ಕೆಳಗಿನ ಸಾಲುಗಳನ್ನು ಮುಟ್ಟಿ ಹಿಂದೆ ಹೋಯಿತು.

ಇದು ನನ್ನ ಮಗನದೇ ಎಂದು ಅವಳು ಹೇಳಬಹುದಿತ್ತು. ಹೇಳಿದ್ದರೆ ಅವನು ನಾನು ಸಾಯುವ ತನಕ ಬದುಕಿರುತ್ತಿದ್ದ. ಅವಳಿಗೂ ಅದು ಹೊಳೆದಿರಬೇಕು. ಒಮ್ಮೆ ನನ್ನ ಮುಖ ನೋಡಿದಳು, ನನ್ನ ಹಿಂದೆ ನಿಂತಿದ್ದ ಸೊಸೆಯನ್ನು ನೋಡಿದಳು.

"ಇದು ಶನಿಯಾರಂದಲ್ಲ," ಎಂದಳು.

ನನ್ನ ಕಾಲನ್ನು ತೊಡೆಯಿಂದ ಮೆಲ್ಲಗೆ ಕೆಳಗಿಟ್ಟಳು. ಎಸೆಯುತ್ತಾಳೆ ಎಂದುಕೊಂಡಿದ್ದೆ.

ಆ ದಿನವೇ ಅವಳು ದಂಡೆಯಲ್ಲಿ ಮಗನ ಹೆಸರಿನಲ್ಲಿ ನೀರು ಬಿಟ್ಟಳು. ಎರಡು ವರ್ಷ ತಡವಾಗಿ ಮಾಡುವ ಕ್ರಿಯೆಗೆ ಯಾವ ಕ್ರಮ ಎಂದು ಯಾರಿಗೂ ಗೊತ್ತಿರಲಿಲ್ಲ, ದುರ್ಗಪ್ಪ ತನಗೆ ತೋಚಿದ್ದನ್ನು ಹೇಳಿದ. ಅವನು ಎಲ್ಲಿ ಸತ್ತ, ಹೇಗೆ ಸತ್ತ, ಯಾರು ಮಣ್ಣು ಮಾಡಿದರು ಎಂಬುದು ಗೊತ್ತಾಗುವ ಬಗೆಯಿಲ್ಲ. ಆಗಲೇ ನಾನು ಹೇಳಿದ್ದರೆ ಅವನ ಜೊತೆಯವರನ್ನು ಹುಡುಕಿ ಕೇಳಬಹುದಿತ್ತು ಎಂದು ಮಾಸ್ತಮ್ಮನ ತಮ್ಮ ನನ್ನ ಎದುರೇ ಹೇಳಿದ. ಯಮುನೆಯ ತೀರ್ಪು ಬೇಗ ಮುಗಿಯಿತು. ವಿಧವೆಯಾಗಿ ಎರಡು ವರ್ಷವಾದವಳು, ಯಾರ ತಕರಾರೂ ಇಲ್ಲ. ಹತ್ತನೆಯ ದಿನ ಅವಳೂ ವಾಮನನೂ ಬಂದು ಅವನ ಮನೆಯ ಸಾಲಿನಲ್ಲಿ ಅವಳ ಹೊಸ ಹೆಜ್ಜೆ ಇಡಿಸಿದರು. ಹಳೆಯದೂ ಇದ್ದಲ್ಲೇ ಇದೆ. ಅವಳು ನನ್ನ ಜೊತೆ ಮಾತಾಡಲಿಲ್ಲ. ಹೋಗುವಾಗ ಕಿಟಕಿಯಲ್ಲಿದ್ದ ಬಾಟಲಿ ನೋಡಿ, ಅದನ್ನು ತೊಳೆದು ಮತ್ತೆ ಅಲ್ಲೇ ಇಟ್ಟಳು.

ನನ್ನನ್ನು ಕೆಲಸದಿಂದ ತೆಗೆಯಬೇಕು ಎಂದು ಕೇರಿ ನಿರ್ಧರಿಸಿತು. ಕಟ್ಟಿನ ಪ್ರಕಾರ ಅದು ಸರಿ, ನನ್ನ ಹೆಜ್ಜೆ ಈಗ ಅಲ್ಲಿದೆ. ಆದರೆ ಹೆಜ್ಜೆ ಇಲ್ಲದ ಇನ್ನೊಬ್ಬರು ಈವರೆಗೆ ಸಿಕ್ಕಿಲ್ಲ. ಇಲಾಖೆಯ ಫಾರೆಸ್ಟರ್ ವಿಷಯ ಕೇಳಿ, ಆಮೆಗೇನೂ ತೊಂದರೆ ಆಗಿಲ್ಲವಲ್ಲ ಎಂದರು. ಹೀಗಾಗಿ ನಾನೇ ಬೆಳಗಿನ ಸುತ್ತು ಬರುತ್ತೇನೆ, ನಾನೇ ಬರೆಯುತ್ತೇನೆ. ಓದುವವರು ನಂಬುವುದಿಲ್ಲ. ಚಪ್ಪಲಿ ಹಾಕಿಕೊಂಡು ಕೇರಿಗೆ ಹೋದರೆ ಮೊದಲು ಸಮಾಧಾನದಿಂದ ನೋಡುತ್ತಿದ್ದವರು ಈಗ ಗಾಬರಿಯಿಂದ ನೋಡುತ್ತಾರೆ. ಹಲವರು ದಿನಾ ತಾವೇ ಇಳಿದು ಬರುತ್ತಾರೆ, ಕುಂಟುವವರು, ದಮ್ಮು ಇರುವವರು ಕೂಡ, ನೂರಾ ಹನ್ನೆರಡು ಮೆಟ್ಟಿಲು. ಹೆಜ್ಜೆ ಇದ್ದರೂ ಅವರಿಗೆ ಸಾಲದು. ಒಬ್ಬಳು ತಾಯಿ ತನ್ನ ಮಗನ ಹೆಜ್ಜೆಯನ್ನು ಗೇಣು ಹಾಕಿ ಅಳೆದು, ಆ ಅಳತೆಯನ್ನು ನನ್ನ ಕಾಲಿಗೆ ಹಿಡಿದು ನೋಡಿದಳು. ನಾನು ಚಪ್ಪಲಿ ಕಳಚಿ ಕಾಲು ಕೊಟ್ಟೆ. ಬೇರೆ ಏನು ಕೊಡಲಿ.

ಮಾಸ್ತಮ್ಮ ಮೂರು ಸೋಮವಾರ ಬರಲಿಲ್ಲ. ಆ ದಿನಗಳಲ್ಲಿ ಅವಳ ಹೆಜ್ಜೆಯನ್ನು ನಾನು ಬೆಳಿಗ್ಗೆಯೂ ನೋಡಿದೆ, ಸಂಜೆಯೂ ನೋಡಿದೆ. ಇತ್ತು. ನಾಲ್ಕನೆಯ ಸೋಮವಾರ ಮೆಟ್ಟಿಲಲ್ಲಿ ಡಬ್ಬಿಯ ಸದ್ದು ಕೇಳಿದಾಗ ನಾನು ಪೊರಕೆ ಬಿಟ್ಟು ನಿಂತೆ. ಅವಳು ನನ್ನನ್ನು ಮಾತಾಡಿಸದೆ ಕೊನೆಯ ಹಲಗೆಗೆ ಹೋಗಿ ಕೂತಳು. ಎಲೆ ಹಾಕಿಕೊಂಡಳು. ಎಣ್ಣೆಯ ಸೀಸೆ ತಂದಿರಲಿಲ್ಲ, ಊರಿನ ಸುದ್ದಿ ಹೇಳಲಿಲ್ಲ. ಮರಳಿನಲ್ಲಿದ್ದ ನನ್ನ ಬಲಗಾಲನ್ನು ನೋಡುತ್ತ ಅರ್ಧ ಗಂಟೆ ಕೂತು, ಎದ್ದು ಹೋದಳು. ಮುಂದಿನ ಸೋಮವಾರವೂ ಬಂದಳು, ಅದರ ಮುಂದಿನ ಸೋಮವಾರವೂ. ನನಗೆ ಮೈ ಹುಷಾರಿಲ್ಲದೆ ಜ್ವರ ಬಂದ ವಾರ, ಗುರುವಾರವೂ ಒಮ್ಮೆ ಬಂದಿದ್ದಳು ಎಂದು ಆಮೇಲೆ ಯಾರೋ ಹೇಳಿದರು.

ಮಳೆಗಾಲ ಹತ್ತಿರ ಬಂದು ಹಲಗೆಗಳ ಮೇಲೆ ಪಾಚಿ ಕಟ್ಟತೊಡಗಿದೆ. ಹೋದ ಸೋಮವಾರ ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ ಕೂತು, ಯಾಕೆ ಬರುತ್ತೀರಿ, ಇಲ್ಲಿ ನಿಮ್ಮದು ಇನ್ನೇನಿದೆ ಎಂದು ಕೇಳಿದೆ. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

"ಹೋಗಿದ್ಯಾ ಅಂತ ನೋಡ್ಲಿಕ್ಕೆ," ಎಂದಳು.

ನಾನು ತಲೆ ತಗ್ಗಿಸಿದೆ. ಅವಳು ಎಲೆಯ ರಸವನ್ನು ಕೇದಗೆಯ ಕಡೆ ಉಗುಳಿ, ಬಾಯಿ ಒರೆಸಿಕೊಂಡಳು.

"ಊರಿಗೆಲ್ಲ ನೀನು ಹೋಗಿ ಹೇಳ್ತಿ. ನಿಂದು ಹೋದ ದಿನ ಬರಿಗಾಲಲ್ಲಿ ಯಾರ ಮನೆಗೆ ಯಾರು ಹೋಗೂದು? ಅದಕ್ಕೆ ನಾನೇ ಬರೂದು."

ಆ ದಿನವನ್ನು ಅವಳು ಬಯಸುತ್ತಿದ್ದಾಳೋ ಹೆದರುತ್ತಿದ್ದಾಳೋ ಎಂದು ಮುಖ ನೋಡಿ ತಿಳಿಯಲಿಲ್ಲ. ನೀರು ಬಂದು ಮೂರು ಹೆಜ್ಜೆಗಳ ಮೇಲೂ ಹರಿಯಿತು, ಅವಳದ್ದು, ಯಮುನೆಯ ಹಳೆಯದು, ನಡುವೆ ನನ್ನದು. ನೀರು ಇಳಿಯುವ ತನಕ ಅವಳು ಏಳಲಿಲ್ಲ. ಇಳಿದ ಮೇಲೆ ಬಗ್ಗಿ ನೋಡಿ, ಸರಿ ಎಂದಳು. ಎದ್ದು ಹೊರಟಾಗ ಹಲಗೆ ಜಾರುತ್ತದೆ ಎಂದು ನಾನು ಕೈ ಕೊಟ್ಟೆ. ಅವಳು ಕೊಡವಿದಳು. ಎರಡು ಹೆಜ್ಜೆ ನಡೆದು, ಪಾಚಿ ದಪ್ಪವಾಗಿರುವ ಜಾಗ ಬಂದಾಗ, ಹಿಂದೆ ನೋಡದೆ ಕೈ ಚಾಚಿದಳು.